ಯಾರ ತೋಳಿನ ಮರದ ವಂಕಿ

ನಾನು ಮಾಡುತ್ತಿದ್ದ ಕೆಲಸ ಏನೆಂದು ನಮ್ಮ ಜನಕ್ಕೆ ತಿಳಿಯುವ ಹಾಗೆ ಹೇಳಲು ಕೊನೆಯವರೆಗೂ ನನ್ನಿಂದ ಆಗಲಿಲ್ಲ. ಒಮ್ಮೆ ಲಿವರ್‌ಮೋರಿನ ಗುಡಿಯಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಮೈಸೂರಿನ ಕಡೆಯ ಹೆಂಗಸೊಬ್ಬರು, "ನೀವೂ ಸಾಫ್ಟ್‌ವೇರಾ?" ಎಂದು ಕೇಳಿದರು. ಇಲ್ಲ, ಮ್ಯೂಸಿಯಂ ಎಂದೆ. "ಓ, ಟಿಕೆಟ್ ಕೌಂಟರಲ್ಲಿ ಕೂತ್ಕೋತೀರಾ?" ಅದೂ ಅಲ್ಲ, ಹಳೆಯ ಸಾಮಾನು ಹಾಳಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದೆ. ಅವರು ಸ್ವಲ್ಪ ಯೋಚಿಸಿ, "ನಮ್ಮ ಗರಾಜ್ ತುಂಬಾನೂ ಅದೇ ಇದೆ. ನಮ್ಮನೆಯವರು ಎಸೆಯೋಕೆ ಬಿಡಲ್ಲ, ಉಪಯೋಗಿಸೋಕೂ ಬಿಡಲ್ಲ" ಎಂದರು. ಆಗ ನಕ್ಕುಬಿಟ್ಟಿದ್ದೆ. ಈಗ ನಿವೃತ್ತಳಾಗಿ ಕುಳಿತಾಗ ನನ್ನ ಕೆಲಸವನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಲಿಲ್ಲ ಅನಿಸುತ್ತದೆ.

ನನ್ನ ಜಾಗಕ್ಕೆ ಬಂದಿರುವ ಸಾನಿಕಾ ಬೆಂಗಳೂರಿನ ಹುಡುಗಿ. ಕೆಲಸ ನಿಜವಾಗಿ ಹೇಗಿರುತ್ತದೆ ಬರೆದುಕೊಡಿ ಎಂದು ಅವಳು ಬೆನ್ನು ಬಿದ್ದಳು. "ಆಂಟಿ, ಇಂಗ್ಲಿಷಲ್ಲಿ ಬೇಡ. ಅದು ರಿಪೋರ್ಟು ಥರ ಆಗತ್ತೆ. ನೀವು ಬಾಯಲ್ಲಿ ಹೇಳ್ತೀರಲ್ಲ, ಹಂಗೇ ಬರೀರಿ" ಎಂದಳು. ಬರೆಯುತ್ತಿದ್ದೇನೆ. ಆದರೆ ಸಾನಿಕಾ, ನಿನಗೆ ಇದರಿಂದ ಸ್ಪಷ್ಟತೆ ಸಿಗುತ್ತದೆ ಎಂದುಕೊಂಡಿದ್ದರೆ ಈಗಲೇ ಹೇಳಿಬಿಡುತ್ತೇನೆ, ಸಿಗುವುದಿಲ್ಲ. ನನಗೇ ಸಿಕ್ಕಿಲ್ಲ.

ಧಾರವಾಡದಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ ಸಮುದ್ರ ದಾಟಿ ಈ ಪರದೇಶಕ್ಕೆ ಬಂದು, ಮಗಳನ್ನು ಡೇಕೇರಿಗೆ ಬಿಡುವ ಹೊತ್ತಿಗೆ ನನಗೊಂದು ಕೆಲಸ ಬೇಕಾಗಿತ್ತು. ಮ್ಯೂಸಿಯಮ್ಮಿನವರಿಗೆ ರಸಾಯನಶಾಸ್ತ್ರ ಗೊತ್ತಿದ್ದವರು ಬೇಕಾಗಿತ್ತು. ಮ್ಯೂಸಿಯಂ ಇದ್ದದ್ದು ಊರೊಳಗೆ. ಸಾಮಾನಿಡುವ ಉಗ್ರಾಣ ಮಾತ್ರ ಹೇವರ್ಡಿನಲ್ಲಿ, ಹಾಸಿಗೆ ಮಾರುವವರ ಗೋದಾಮಿಗೂ ಲಾರಿ ಟೈರಿನವರ ಗೋದಾಮಿಗೂ ನಡುವೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ. ಒಳಗೆ ವರ್ಷವಿಡೀ ಒಂದೇ ಹವೆ, ಒಂದೇ ತಂಪು. ಬೇಸಿಗೆಯಲ್ಲೂ ನಾನು ಸ್ವೆಟರ್ ಹಾಕಿಕೊಂಡೇ ಕೆಲಸ ಮಾಡಿದೆ.

ವಿಧಾನಗಳು ಹೇಗೆ ಬದಲಾದವು ಎಂದು ಸಾನಿಕಾ ಕೇಳಿದ್ದಾಳೆ. ನನ್ನ ಮೊದಲ ಮೇಲಧಿಕಾರಿಗೆ ಹೊಳಪು ಬೇಕಾಗಿತ್ತು. ಮರದ್ದು ಯಾವುದೇ ಬರಲಿ, ಒರೆಸು, ಎಣ್ಣೆ ಹಾಕು, ತಿಕ್ಕು. ಅವರು ಹೋದ ಮೇಲೆ ಬಂದವರು ಎಣ್ಣೆಯ ಹೆಸರೆತ್ತಿದರೆ ಬೆಚ್ಚಿಬೀಳುತ್ತಿದ್ದರು. ಏನನ್ನೂ ಮುಟ್ಟಬೇಡ, ಮುಟ್ಟಲೇಬೇಕಾದರೆ ಬಿಳಿ ಹತ್ತಿಯ ಗ್ಲೌಸು ಹಾಕು ಎಂದರು. ಕೆಲವು ವರ್ಷ ಕಳೆದ ಮೇಲೆ ಹತ್ತಿಯ ಎಳೆ ಮರದ ಸೀಳಿಗೆ ಸಿಕ್ಕಿ ಚೂರು ಕಿತ್ತುಬರುತ್ತದೆ, ರಬ್ಬರಿನದು ಹಾಕು ಎಂದರು. ಮೂರನೆಯವಳು ಮಾರ್ಗರೆಟ್. ನಾನು ನಿವೃತ್ತಳಾಗುವವರೆಗೂ ಅವಳೇ ಇದ್ದಳು. ಅವಳು ಬಂದವಳೇ, ಈ ವಸ್ತುಗಳು ಯಾರವೋ ಅವರನ್ನು ಕರೆಸಿ ಕೇಳಬೇಕು, ಅವರು ಬರಿಗೈಯಲ್ಲಿ ಮುಟ್ಟುತ್ತೇನೆಂದರೆ ಮುಟ್ಟಲಿ ಎಂದಳು. ನಾನು ತಲೆ ಅಲ್ಲಾಡಿಸಿದೆ. ಅಷ್ಟರಲ್ಲಿ ಎಲ್ಲದಕ್ಕೂ ತಲೆ ಅಲ್ಲಾಡಿಸುವುದು ಅಭ್ಯಾಸವಾಗಿತ್ತು.

ಮರದ ವಂಕಿ ನನ್ನ ಕೈಗೆ ಬಂದದ್ದು ಮಾರ್ಗರೆಟ್ಟಳ ಕಾಲದಲ್ಲಿ. ಪೂರ್ವ ಆಫ್ರಿಕದ ದನಗಾಹಿ ಜನರ ಆಭರಣಗಳ ಒಂದು ಪ್ರದರ್ಶನ ಮಾಡಬೇಕಾಗಿತ್ತು. ಕಪಾಟಿನ ಅಡಿಯ ಡ್ರಾಯರಿನಲ್ಲಿ ಒಂದೇ ಮರದ ತುಂಡಿನಿಂದ ಕೆತ್ತಿದ ಬಳೆಯಂಥದ್ದೊಂದು ಸಿಕ್ಕಿತು. ಪೂರ್ತಿ ದುಂಡಗಿಲ್ಲ. ಮುಂದೆ ಎರಡು ತುದಿ ಮೇಲಕ್ಕೆದ್ದು ಕೊಂಬಿನ ಹಾಗೆ ಕೂಡಿದ್ದವು, ಹಿಂದೆ ಬಿಚ್ಚಿಕೊಂಡಿತ್ತು. ಮೈತುಂಬ ಸಣ್ಣ ಸಣ್ಣ ಗೀರು, ಗೀರಿನೊಳಗೆ ಕೆಂಪು ಮಣ್ಣಿನ ಉಳಿಕೆ. ಒಳಭಾಗ ಮಾತ್ರ ಕಪ್ಪಾಗಿ ನುಣುಪಾಗಿತ್ತು. ಯಾರೋ ತೀರಿಕೊಂಡವರ ಮನೆ ಖಾಲಿ ಮಾಡುವಾಗ ಒಂದು ಪೆಟ್ಟಿಗೆ ಸಾಮಾನಿನ ಜೊತೆ ಬಂದದ್ದಂತೆ. ಚೀಟಿಯಲ್ಲಿ ತಲೆಯ ಆಭರಣ ಎಂದು ಬರೆದು ಮುಂದೆ ಪ್ರಶ್ನೆಯ ಗುರುತು ಹಾಕಿದ್ದರು.

ನೋಡಿದ ಕೂಡಲೇ ನನಗೆ ಗೊತ್ತಾಯಿತು. ನನ್ನ ಮದುವೆಯಲ್ಲಿ ಅವ್ವ ನನ್ನ ತೋಳಿಗೆ ಏರಿಸಿದ ಚಿನ್ನದ ವಂಕಿ ಇದೇ ಆಕಾರದ್ದು. ಇದು ತಲೆಗಲ್ಲ, ರಟ್ಟೆಗೆ ಎಂದೆ. ಮಾರ್ಗರೆಟ್ ಎರಡು ಮೂರು ಕಡೆ ಕೇಳಿ ನೋಡಿದಳು, ಹೌದೆಂದರು. ಅವಳು ಮೀಟಿಂಗಿನಲ್ಲಿ ಎಲ್ಲರೆದುರು ನನ್ನನ್ನು ಹೊಗಳಿದಳು. ನಾನೂ ಸ್ವಲ್ಪ ಉಬ್ಬಿದೆ. ಆದರೆ ಯಾವ ಜನರದ್ದು ಎಂದು ಕೇಳಿದಾಗ ಒಬ್ಬ ಪಂಡಿತರು ಒಂದು ಹೆಸರು ಹೇಳಿದರು, ಇನ್ನೊಬ್ಬರು ಅವರ ಪಕ್ಕದ ಜನರ ಹೆಸರು ಹೇಳಿದರು. ಮೂರನೆಯವರು ದನದ ಹಿಂದೆ ನಡೆಯುವವರಿಗೆ ಗಡಿ ಇರುವುದಿಲ್ಲ, ಒಬ್ಬರದು ಇನ್ನೊಬ್ಬರಿಗೆ ಹೋಗುತ್ತದೆ ಎಂದು ಬರೆದರು. ಚೀಟಿಯನ್ನು ಮೂರು ಸಲ ಬದಲಿಸಿ ಕೊನೆಗೆ ಯಾವ ಹೆಸರನ್ನೂ ಹಾಕದೆ ಬಿಟ್ಟೆವು.

ಪ್ರದರ್ಶನಕ್ಕೆ ಅದನ್ನು ಬೊಂಬೆಗೆ ಹಾಕಿದವಳು ನಾನೇ. ಹೆಣ್ಣು ಬೊಂಬೆ ತರಿಸಿ, ರಟ್ಟೆಯ ಮೇಲೆ ಸರಿಯಾದ ಜಾಗದಲ್ಲಿ, ಕೊಂಬು ಮೇಲಾಗಿ, ವಂಕಿ ಹೇಗೆ ಕೂರಬೇಕೋ ಹಾಗೆ ಕೂರಿಸಿದೆ. ಮೊದಲ ದಿನವೇ ಎತ್ತರದ ಹೆಂಗಸೊಬ್ಬಳು ಆ ಗಾಜಿನ ಮುಂದೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಏನಾಯಿತು ಎಂದು ಹೋಗಿ ಕೇಳಿದೆ.

"ಇದನ್ನ ಹುಡುಗಿಗೆ ಯಾರು ಹಾಕಿದ್ದು?"

"ನಾನು."

"ಇದು ಗಂಡಸರದ್ದು. ಆಗ ತಾನೆ ದೊಡ್ಡವರಾದ ಹುಡುಗರದ್ದು. ನಮ್ಮಪ್ಪ ನೋಡಿದ್ರೆ ನೆಲದ ಮೇಲೆ ಬಿದ್ದು ನಗ್ತಾರೆ."

ಅವಳ ಹೆಸರು ಗ್ರೇಸ್. ಊರು ಕೀನ್ಯಾದ ಉತ್ತರದ ಒಣ ಸೀಮೆ. ಇಲ್ಲಿ ಹೇವರ್ಡಿನಲ್ಲಿ, ನಮ್ಮ ಉಗ್ರಾಣದಿಂದ ಹೆಚ್ಚು ದೂರವಿಲ್ಲದ ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು ನರ್ಸ್ ಕೆಲಸ ಮಾಡುತ್ತಿದ್ದಳು. ನಾನು ನಮ್ಮ ವಂಕಿಯ ಕಥೆ ಹೇಳಿದೆ. ನಮ್ಮಲ್ಲಿ ಮದುಮಗಳು ಹಾಕುತ್ತಾಳೆ, ಅದಕ್ಕೇ ಹೀಗಾಯಿತು ಎಂದೆ. ಅವಳು ಇನ್ನಷ್ಟು ನಕ್ಕಳು. ಮರುದಿನ ಗಂಡು ಬೊಂಬೆ ತರಿಸಿದೆವು. ವಂಕಿ ನನಗೆ ಅರ್ಧ ದಾರಿ ತೋರಿಸಿ ಇನ್ನರ್ಧ ತಪ್ಪಿಸಿತ್ತು. ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಊಹಿಸಬೇಡ ಎಂದು ಸಾನಿಕಾಗೆ ಹೇಳಬೇಕೆಂದುಕೊಂಡೆ. ಆದರೆ ಊಹಿಸದೆ ಇದ್ದಿದ್ದರೆ ಅದು ಇನ್ನೂ ಡ್ರಾಯರಿನಲ್ಲಿ ತಲೆಯ ಆಭರಣವಾಗಿಯೇ ಇರುತ್ತಿತ್ತು. ಹಾಗಾಗಿ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಮುಂದಿನ ವರ್ಷ ಗ್ರೇಸಳ ತಂದೆ ಮಗಳ ಮನೆಗೆ ಬಂದರು. ಅವಳು ಅವರನ್ನು ಉಗ್ರಾಣಕ್ಕೆ ಕರೆತಂದಳು. ಉದ್ದನೆಯ, ಒಣಗಿದ ಮೈಯ ಮುದುಕರು. ಮಗಳು ಹಾಕಿಸಿದ ದಪ್ಪ ಜಾಕೆಟ್ಟಿನೊಳಗೆ ಸೆಖೆಯೋ ಚಳಿಯೋ ತಿಳಿಯದಂತೆ ಕುಳಿತಿದ್ದರು. ನಾನು ಮನಸ್ಸಿನಲ್ಲೇ ಅವರನ್ನು ಅಜ್ಜ ಎನ್ನತೊಡಗಿದ್ದೆ. ಅವರು ತಮ್ಮ ಭಾಷೆಯಲ್ಲಿ ಹೇಳುವುದನ್ನು ಗ್ರೇಸ್ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ಮಾರ್ಗರೆಟ್ ಹೇಳಿದಂತೆ ಬರಿಗೈಗೇ ಕೊಟ್ಟೆ. ಅಜ್ಜ ಅದನ್ನು ತಿರುಗಿಸಿ ನೋಡಿದರು, ಒಳಭಾಗದಲ್ಲಿ ಹೆಬ್ಬೆರಳಾಡಿಸಿದರು, ಮೂಗಿಗೆ ಹಿಡಿದು ಮೂಸಿದರು.

"ಒಣಗಿ ಹೋಗಿದೆ. ಇದಕ್ಕೆ ಕೊಬ್ಬು ಸವರಬೇಕು. ಮೈಗೆ ಸವರಿದಾಗ ಇದಕ್ಕೂ ಹತ್ತುತ್ತೆ. ಮೈ ಇಲ್ದೆ ಎಷ್ಟು ದಿನ ಇರುತ್ತೆ ಇದು?"

ನಾವು ಹವೆ, ತಂಪು ಎಲ್ಲ ಅಳೆದು ಇಟ್ಟಿದ್ದೇವೆ, ಇನ್ನೂ ಬಹಳ ಕಾಲ ಇರುತ್ತದೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದ ಹಾಗನಿಸಿತು.

ಆಮೇಲೆ ಅವರು ಹೇಳಿದ್ದು ಹೀಗೆ. ಹುಡುಗನಾಗಿದ್ದಾಗ ಅವರ ಸೋದರಮಾವ ಅವರಿಗೊಂದು ಇಂಥದ್ದೇ ಕೆತ್ತಿಕೊಟ್ಟಿದ್ದರು. ಅದನ್ನು ಹಾಕಿದ ಸ್ವಲ್ಪ ದಿನಕ್ಕೇ ಇವರನ್ನು ಶಾಲೆಗೆ ಕಳಿಸಿದರು. ಶಾಲೆಯ ಮೇಷ್ಟ್ರು ಹೊರಗಿನವರು, ಇದನ್ನು ತೆಗೆದು ಒಳಗೆ ಬಾ ಎಂದರು. ತೆಗೆದರು. ಮೇಷ್ಟ್ರು ಅದನ್ನು ತಮ್ಮ ಕೋಣೆಯ ಗೂಡಿನಲ್ಲಿಟ್ಟುಕೊಂಡರು. ಓದು ಮುಗಿಯುವಷ್ಟರಲ್ಲಿ ಮೇಷ್ಟ್ರೂ ಇರಲಿಲ್ಲ, ವಂಕಿಯೂ ಇರಲಿಲ್ಲ. ಹಾಕಿಕೊಳ್ಳುವ ವಯಸ್ಸೂ ದಾಟಿತ್ತು. ಅವರ ಓರಗೆಯವರೆಲ್ಲ ಅದನ್ನು ಹಾಕಿ ಕುಣಿದರು, ಇವರು ಅಂಗಿ ಹಾಕಿಕೊಂಡು ನಿಂತು ನೋಡಿದರು.

"ಇದೇ ಅದಾ?" ಎಂದು ಮಾರ್ಗರೆಟ್ ಕೇಳಿದಳು. ಎಲ್ಲರಿಗೂ ಹೌದು ಎನ್ನುವ ಉತ್ತರ ಬೇಕಾಗಿತ್ತು.

"ಇರಬಹುದು. ಎಲ್ಲ ಮಾವಂದಿರೂ ಹೀಗೇ ಕೆತ್ತುತ್ತಿದ್ದರು. ತೋಳಿಗೆ ಹಾಕಿದರೆ ಗೊತ್ತಾಗುತ್ತೆ. ನಂದಾದರೆ ಊರಿಗೆ ತಗೊಂಡು ಹೋಗ್ತೀನಿ. ನನ್ನದಲ್ಲದಿದ್ದರೂ ತಗೊಂಡು ಹೋಗ್ತೀನಿ, ಕೊಟ್ಟರೆ."

ಆ ದಿನ ಹಾಕಿಸಲು ಆಗಲಿಲ್ಲ. ಮುಟ್ಟುವುದಕ್ಕೆ ಮಾರ್ಗರೆಟ್ಟಳ ಒಪ್ಪಿಗೆ ಸಾಕು, ತೊಡುವುದಕ್ಕೆ ಮ್ಯೂಸಿಯಮ್ಮಿನ ಸಮಿತಿ ಒಪ್ಪಬೇಕು. ಸಮಿತಿ ಸೇರಿತು, ಅವರಿಗೆ ಕೊಟ್ಟುಬಿಡೋಣ ಎಂದು ತೀರ್ಮಾನಿಸಿತು. ನನಗೆ ಬಹಳ ಸಂತೋಷವಾಯಿತು. ಕೊಡುವ ಮೊದಲು ಪಿಸ್ತೂಲಿನಂಥ ಎಕ್ಸ್‌ರೇ ಯಂತ್ರ ಹಿಡಿದು ವಿಷವೇನಾದರೂ ಇದೆಯೇ ಎಂದು ಪರೀಕ್ಷೆ ಮಾಡುವುದು ಒಂದು ಪದ್ಧತಿ. ಹಿಡಿದೆ. ಪಾಷಾಣ, ಅಂದರೆ ಆರ್ಸೆನಿಕ್, ತೋರಿಸಿತು. ಯಂತ್ರ ಕೆಟ್ಟಿರಬೇಕೆಂದು ಪಕ್ಕದ ಮೇಜಿಗೆ ಹಿಡಿದೆ, ಏನೂ ಇರಲಿಲ್ಲ. ಮತ್ತೆ ಮರಕ್ಕೆ ಹಿಡಿದೆ. ಎಲ್ಲ ಕಡೆ ಇತ್ತು, ಗೀರುಗಳಲ್ಲಿ ಇನ್ನೂ ಹೆಚ್ಚಿತ್ತು.

ಹಿಂದಿನ ಕಾಲದಲ್ಲಿ ಮ್ಯೂಸಿಯಮ್ಮುಗಳಲ್ಲಿ ಹುಳ ಬರಬಾರದೆಂದು ಪಾಷಾಣದ ಪುಡಿ ಹಾಕುತ್ತಿದ್ದರು. ನಾವು ರೇಷ್ಮೆ ಸೀರೆಯ ನಡುವೆ ನುಸಿಗುಳಿಗೆ ಇಡುವುದಿಲ್ಲವೇ, ಅದೇ ಬುದ್ಧಿ. ಚರ್ಮಕ್ಕೆ, ಗರಿಗೆ ಹಾಕುತ್ತಿದ್ದುದು ನಮಗೆ ಗೊತ್ತಿತ್ತು. ಬರೀ ಮರಕ್ಕೂ ಹಾಕಿದ್ದಾರೆಂದು ಯಾರೂ ಎಣಿಸಿರಲಿಲ್ಲ. ಅಜ್ಜ ಅದನ್ನು ಮೂಗಿಗೆ ಹಿಡಿದದ್ದು ನೆನಪಾಯಿತು. ಕೂಡಲೇ ಗ್ರೇಸಿಗೆ ಫೋನ್ ಮಾಡಿದೆ. ಅವಳು ನರ್ಸಿನ ದನಿಯಲ್ಲಿ ಎಲ್ಲ ಕೇಳಿಕೊಂಡು ಡಾಕ್ಟರಿಗೆ ತೋರಿಸಿದಳು. ಅಷ್ಟು ಮುಟ್ಟಿದ್ದಕ್ಕೆ ಏನೂ ಆಗಿಲ್ಲ ಎಂದರಂತೆ. ಬರಿಗೈಗೆ ಕೊಡು ಎಂದಿದ್ದ ಮಾರ್ಗರೆಟ್ ಎರಡು ದಿನ ಉಗ್ರಾಣದಲ್ಲೇ ಇದ್ದು ಒಂದೊಂದು ಡ್ರಾಯರಿಗೂ ತಾನೇ ಆ ಯಂತ್ರ ಹಿಡಿದಳು.

ಕೊಡಬೇಕೋ ಬಿಡಬೇಕೋ ಎಂದು ಮತ್ತೆ ಸಮಿತಿ ಸೇರಿತು. ವಕೀಲರು ಮುಚ್ಚಿದ ಪಾರದರ್ಶಕ ಪೆಟ್ಟಿಗೆಯಲ್ಲಿ ಕೊಡಿ, ತೆರೆಯಬಾರದೆಂದು ತಿಳಿಸಿ ಎಂದರು. ಒಬ್ಬರು ತೊಳೆದುಬಿಡಿ ಎಂದರು. ತೊಳೆದರೆ ಕೆಂಪು ಮಣ್ಣು, ಬೆವರು, ಕೊಬ್ಬು ಎಲ್ಲ ಹೋಗುತ್ತದೆ, ಪಾಷಾಣ ಮಾತ್ರ ಮರದೊಳಗೆ ಉಳಿಯುತ್ತದೆ ಎಂದು ನಾನು ಹೇಳಿದೆ. ತೊಡುವ ವಸ್ತುವನ್ನು ತೊಡಬೇಡಿ ಎಂದು ಹೇಳಿ ಕೊಡುವುದು ಯಾವ ಸೀಮೆಯ ಕೊಡುವುದು ಎಂದು ಮಾರ್ಗರೆಟ್ ಕೇಳಿದಳು. ಕೊನೆಗೆ ವಕೀಲರ ಮಾತೇ ನಿಂತಿತು. ಅಜ್ಜನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅವರು ಬಂದರು. ಮೇಜಿನ ಮೇಲೆ ವಂಕಿ ಇತ್ತು, ಈ ಸಲ ನನ್ನ ಕೈಯಲ್ಲಿ ಎರಡು ಪದರ ಗ್ಲೌಸು. ಇದರಲ್ಲಿ ವಿಷ ಇದೆ ಎಂದೆ. ಗ್ರೇಸ್ ತಿಳಿಸಿದಳು.

"ಯಾರು ಹಾಕಿದ್ದು?"

"ನಾವೇ. ನನಗಿಂತ ಮುಂಚೆ ಇಲ್ಲಿದ್ದವರು."

"ಯಾಕೆ?"

"ಹುಳ ತಿನ್ನಬಾರದು ಅಂತ."

ಅಜ್ಜ ಮೇಜಿನ ಮೇಲೆ ಬಗ್ಗಿ ಮರವನ್ನು ನೋಡಿದರು. "ಹುಳ ತಿನ್ನಲಿಲ್ಲ ತಾನೆ?"

"ಇಲ್ಲ."

"ಸರಿ. ಹುಳ ತಿನ್ನಲಿಲ್ಲ. ಈಗ ಇದನ್ನ ಯಾರು ಹಾಕ್ಕೋಬಹುದು?"

ಯಾರೂ ಹಾಕಿಕೊಳ್ಳುವ ಹಾಗಿಲ್ಲ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ನಿಜವಾಗಿಯೂ ಗೊಂದಲಗೊಂಡು, ಇದರಲ್ಲಿ ಇನ್ನೇನೋ ಇರಬೇಕು, ತನಗೆ ಪೂರ್ತಿ ಹೇಳಿಲ್ಲ ಎನ್ನುವವರಂತೆ ಮಗಳ ಮುಖ ನೋಡಿದರು. ಮಗಳು ನನ್ನ ಮುಖ ನೋಡಿದಳು. ಆಮೇಲೆ ಅಜ್ಜ ನನ್ನ ರಟ್ಟೆಯ ಕಡೆ ಬೆರಳು ತೋರಿಸಿ ಏನೋ ಕೇಳಿದರು.

"ನಿಮ್ಮಲ್ಲೂ ಇದೆ ಅಂದ್ರಂತಲ್ಲ. ನಿಮ್ಮದು ಎಲ್ಲಿ ಅಂತ ಕೇಳ್ತಿದಾರೆ" ಎಂದಳು ಗ್ರೇಸ್.

"ಬ್ಯಾಂಕಿನ ಲಾಕರಿನಲ್ಲಿದೆ."

"ಅಲ್ಲಿ ಯಾಕೆ?"

"ಕಳ್ಳರು ಒಯ್ಯಬಾರದು ಅಂತ."

ಅದನ್ನು ಕೇಳಿ ಅಜ್ಜ ನಕ್ಕರು. ನಗು ಕೆಮ್ಮಾಯಿತು, ಗ್ರೇಸ್ ಬೆನ್ನು ಸವರಿದಳು. ನಗು ನಿಂತ ಮೇಲೆ ಅವರು ಜಾಕೆಟ್ಟು ಬಿಚ್ಚಿ ಕುರ್ಚಿಗೆ ಹಾಕಿ ಎಡತೋಳು ಚಾಚಿ ಮೇಜಿನ ಮೇಲಿಟ್ಟರು. ಹಾಕು ಎಂದರು. ಅದಕ್ಕೆ ತರ್ಜುಮೆ ಬೇಕಾಗಲಿಲ್ಲ.

ಮಾರ್ಗರೆಟ್ ನನ್ನನ್ನು ನೋಡಿದಳು. ವಸ್ತುಗಳನ್ನು ಸುತ್ತಲು ನಾವು ಬಳಸುವ ತೆಳ್ಳನೆಯ ಗಟ್ಟಿ ಪ್ಲಾಸ್ಟಿಕ್ ಹಾಳೆ ಅಲ್ಲೇ ಸುರುಳಿಯಾಗಿತ್ತು. ಜನರ ಕೈ ತಾಗಿ ವಸ್ತು ಹಾಳಾಗಬಾರದೆಂದು ನಾನು ಕೆಲಸ ಮಾಡಿದಷ್ಟು ಕಾಲವೂ ಆ ಹಾಳೆಯನ್ನು ನಡುವೆ ಇಟ್ಟವಳು. ಈಗ ವಸ್ತು ತಾಗಿ ಮನುಷ್ಯ ಹಾಳಾಗಬಾರದೆಂದು ಅವರ ಅಂಗಿಯ ತೋಳಿನ ಮೇಲೆ ಅದನ್ನೇ ಸುತ್ತಿದೆ, ಭುಜದಿಂದ ಮಣಿಕಟ್ಟಿನವರೆಗೆ. ಸುತ್ತುವಾಗ ಕೆಳಗೆ ಬರೀ ಮೂಳೆ ಸಿಕ್ಕಿತು. ಅದರ ಮೇಲೆ ಮರದ ವಂಕಿಯನ್ನು ಏರಿಸಿದೆ. ಅದು ರಟ್ಟೆಯ ಮೇಲೆ ನಿಲ್ಲಲಿಲ್ಲ, ಮೊಣಕೈಗೆ ಜಾರಿತು. ಮತ್ತೆ ಏರಿಸಿದೆ, ಮತ್ತೆ ಜಾರಿತು. ಇನ್ನೊಂದು ಗ್ಲೌಸು ಕೊಟ್ಟೆ, ಅವರು ಬಲಗೈಯಲ್ಲಿ ಅದನ್ನು ಮೇಲೆ ಹಿಡಿದುಕೊಂಡು ಎದ್ದು ನಿಂತರು. ಕನ್ನಡಿ ಇರಲಿಲ್ಲ. ಕಪಾಟಿನ ಗಾಜಿನ ಬಾಗಿಲಿನಲ್ಲಿ ತಮ್ಮನ್ನು ನೋಡಿಕೊಂಡರು. ಪಕ್ಕದ ಗೋದಾಮಿನಲ್ಲಿ ಲಾರಿಯೊಂದು ಹಿಂದಕ್ಕೆ ಬರುವ ಸದ್ದು ಕೇಳುತ್ತಿತ್ತು. ನನಗೆ ಅಳು ಬಂತು, ಗ್ಲೌಸು ಹಾಕಿದ್ದರಿಂದ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ.

ಅಜ್ಜ ತಿರುಗಿದರು. "ಇದು ನಂದಲ್ಲ" ಎಂದರು.

ತೋಳು ಸಣ್ಣಗಾಗಿದೆ, ಅದಕ್ಕೆ ಹಾಗನಿಸುತ್ತಿದೆ ಎಂದು ಗ್ರೇಸ್ ಹೇಳಿದಳು. ಅಲ್ಲವಂತೆ. ಅವರದ್ದು ಒಳಗಡೆ ಒಂದು ಕಡೆ ಒತ್ತುತ್ತಿತ್ತು, ಮಾವ ಸರಿಯಾಗಿ ಕೆರೆದಿರಲಿಲ್ಲ. ಶಾಲೆಯ ದಿನಗಳಲ್ಲಿ ಅಂಗಿಯ ಕೆಳಗೆ ಆ ಒತ್ತಿದ ಗುರುತನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಇದು ಎಲ್ಲೂ ಒತ್ತುವುದಿಲ್ಲ.

"ಹಾಗಾದರೆ ಇನ್ನೊಬ್ಬ ಹುಡುಗನ ಕೈಯಲ್ಲೂ ತೆಗೆಸಿದ್ದಾರೆ" ಎಂದರು.

ಮಾರ್ಗರೆಟ್ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಇನ್ನು ಕೊಡುವುದು ಹೇಗೆ, ಅವರದಲ್ಲ ಎಂದು ಅವರೇ ಹೇಳಿದ್ದಾರೆ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅದು ಅಜ್ಜನಿಗೆ ಅರ್ಥವಾಯಿತೋ ಏನೋ, ಆ ಹುಡುಗನನ್ನು ನಾನು ಹುಡುಕುತ್ತೇನೆ, ಅವನೂ ಈಗ ನನ್ನಷ್ಟೇ ಮುದುಕನಾಗಿರುತ್ತಾನೆ ಎಂದರು. ಮಾರ್ಗರೆಟ್ ಎದ್ದು ಹೋಗಿ ಪೆಟ್ಟಿಗೆ ತಂದಳು. ವಂಕಿಯನ್ನು ಅದರಲ್ಲಿಟ್ಟು ಸುತ್ತ ಅಂಟಿಸಿ, ತೆರೆಯಬಾರದು ಎಂದೆ. ಅಜ್ಜ ಅದನ್ನು ಮಡಿಲಲ್ಲಿಟ್ಟುಕೊಂಡು ಮಗಳ ಕಾರಿನಲ್ಲಿ ಕುಳಿತರು.

ನಾವು ಮಾಡಿದ್ದು ಸರಿಯೇ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ವಿಷವನ್ನು ಊರಿಗೆ ಕಳಿಸಿದೆವೋ, ವಂಕಿಯನ್ನು ಕಳಿಸಿದೆವೋ. ನಾನು ನಿವೃತ್ತಳಾದ ಮೇಲೆ ಗ್ರೇಸ್ ಫೋನಿಗೆ ಒಂದು ಫೋಟೋ ಕಳಿಸಿದಳು. ಅಜ್ಜನ ಮೊಮ್ಮಗ, ಎದೆ ಉಬ್ಬಿಸಿ ನಿಂತಿದ್ದ. ರಟ್ಟೆಯ ಮೇಲೆ ಹೊಸದಾಗಿ ಕೆತ್ತಿದ, ಇನ್ನೂ ಬಿಳಿಚಿದ ಮರದ ವಂಕಿ. ಅಜ್ಜ ಪಕ್ಕದಲ್ಲಿ ನಿಂತು ಎಣ್ಣೆಯಂಥದ್ದೇನನ್ನೋ ಅವನ ತೋಳಿಗೆ ಸವರುತ್ತಿದ್ದರು. ಊರಿನಲ್ಲಿ ಕೆತ್ತುವ ಮುದುಕನೊಬ್ಬ ಪೆಟ್ಟಿಗೆ ತೆರೆಯದೆ, ಹೊರಗಿನಿಂದಲೇ ನೋಡಿ ನೋಡಿ ಕೆತ್ತಿದನಂತೆ. ಹಳೆಯದು ಪೆಟ್ಟಿಗೆಯಲ್ಲೇ ಇದೆ. ಬಂದವರಿಗೆಲ್ಲ ಅಜ್ಜ ಅದನ್ನು ತೋರಿಸಿ ಇದು ನಿಮ್ಮದಾ ಎಂದು ಕೇಳುತ್ತಾರಂತೆ. ಇನ್ನೂ ಯಾರೂ ಹೌದು ಎಂದಿಲ್ಲ.

ಆ ಫೋಟೋ ನೋಡಿದ ವಾರವೇ ಬ್ಯಾಂಕಿಗೆ ಹೋಗಿ ನನ್ನ ವಂಕಿ ತಂದೆ. ಮದುವೆಯ ಮರುವಾರ ಬಿಚ್ಚಿದ್ದು, ಆಮೇಲೆ ತೊಟ್ಟ ನೆನಪಿಲ್ಲ. ಅಡಿಗೆಮನೆಯಲ್ಲಿ ನಿಂತು ಏರಿಸಿ ನೋಡಿದೆ. ಮೊಣಕೈ ದಾಟಲಿಲ್ಲ. ಸೋಪು ಹಚ್ಚಿದೆ, ಆಗಲೂ ದಾಟಲಿಲ್ಲ. ನಮ್ಮವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇಷ್ಟು ವರ್ಷ ಲಾಕರ್‌ನ್ಯಾಗ ಆರಾಮ ಇತ್ತು ಅದು. ಈಗ ಯಾಕ ಅದರ ಜೀವಾ ತಿಂತೀ?" ಎಂದರು.

"ಸುಮ್ನ ಇರ್ರಿ. ಅದರ ಜೀವಾ ಅಲ್ಲ, ನನ್ನ ಜೀವಾ ಹೋಗಾಕತ್ತೇತಿ ಇಲ್ಲೆ."

ಅಜ್ಜನ ತೋಳಿಗೆ ಅದು ಸಡಿಲ, ನನ್ನ ತೋಳಿಗೆ ಇದು ಬಿಗಿ. ಹಾಕಿಕೊಳ್ಳುವ ಹೊತ್ತಿನಲ್ಲಿ ಇಬ್ಬರೂ ಹಾಕಿಕೊಂಡಿರಲಿಲ್ಲ. ಅವರದನ್ನು ಬೇರೆಯವರು ತೆಗೆಸಿದರು, ನನ್ನದನ್ನು ನಾನೇ ಬಿಚ್ಚಿ ಬೀಗ ಹಾಕಿದೆ. ಅದಕ್ಕೆ ಕಾರಣ ಏನೆಂದು ಯೋಚಿಸುತ್ತ ಸೋಪಿನ ಕೈಯಲ್ಲೇ ನಿಂತಿದ್ದೆ. ಗ್ರೋಸರಿಗೆ ಹೊರಟಿದ್ದ ಮಗಳು ಮೇಘಾ ಒಳಗೆ ಬಂದಳು.

"ವಾಟ್ಸ್ ದಟ್, ಅಮ್ಮ?"

"ವಂಕಿ. ನಿಮ್ಮ ಅಜ್ಜಿ ಮಾಡಿಸಿದ್ದು. ನಿನಗ ಅಂತ ಇಟ್ಟಿದ್ದೆ."

"ಕ್ಯಾನ್ ಐ ವೇರ್ ಇಟ್?"

ಅವಳು ಅದನ್ನು ತೊಳೆದು ಒರೆಸಿ ಟೀ ಶರ್ಟಿನ ತೋಳಿನ ಮೇಲೆಯೇ ಏರಿಸಿಕೊಂಡಳು. ಗಟ್ಟಿಯಾಗಿ ಕೂತಿತು. ಒಮ್ಮೆ ತೋಳು ಮಡಿಸಿ ನೋಡಿಕೊಂಡು ಕಾರಿನ ಬೀಗದ ಕೈ ತೆಗೆದುಕೊಂಡಳು. ಅಂಗಡಿಯಲ್ಲಿ ಜಾರಿ ಬಿದ್ದೀತು, ಬಿಚ್ಚಿಟ್ಟು ಹೋಗು ಎನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ನುಂಗಿಕೊಂಡು, ಕೊತ್ತಂಬರಿ ತರುವುದನ್ನು ಮರೆಯಬೇಡ ಎಂದೆ.